ನಡುಗಡ್ಡೆಯ ಮಣ್ಣು

ಮದುವೆಯಾಗಿ ನಡುಗಡ್ಡೆಗೆ ಬಂದ ದಿನ ಇಸೊ ಮೊದಲು ಕೇಳಿದ್ದು ಗಂಡನ ವಿಷಯವಲ್ಲ, ದೋಣಿಯ ವಿಷಯ. ಹುಲ್ಲು ಹೊದಿಸಿದ ಆ ಮನೆ ಆಳೆತ್ತರದ ಕಲ್ಲುಕಟ್ಟೆಯ ಮೇಲೆ ಕೂತಿತ್ತು. ಸೂರಿನ ಕೆಳಗೆ, ಬೇರೆಯವರ ಮನೆಯಲ್ಲಿ ಮೂಲಂಗಿ ಒಣಹಾಕುವ ಜಾಗದಲ್ಲಿ, ಉದ್ದನೆಯ ದೋಣಿಯೊಂದು ಹಗ್ಗದಲ್ಲಿ ತೂಗಾಡುತ್ತಿತ್ತು.

"ಅತ್ತೆ, ದೋಣೀನ ಯಾಕೆ ಮನೇಲಿ ಕಟ್ಟಿದೀರಿ?"

"ಈ ಮನೆ ಮೂರನೆಯವನು, ನಿನ್ನ ಮೈದುನ ಬರ್ತಾನಲ್ಲ, ಅವನ ಜೊತೆ ಓಡಾಡೋಕೆ," ಎಂದಳು ಅತ್ತೆ, ನಗದೆ.

ಹುಡುಗನಿಗೆ ಇರುವುದು ಒಬ್ಬನೇ ತಮ್ಮ ಎಂದು ಸಂಬಂಧ ಕುದುರಿಸಿದವನು ಹೇಳಿದ್ದ. ಹಾಗಾದರೆ ಈ ಮೂರನೆಯವನು ಯಾರು? ಊರು ಬಿಟ್ಟು ಹೋದ ಪುಂಡನೋ, ಕುಡುಕನೋ ಎಂದು ಇಸೊ ಬೇಸಿಗೆಯಿಡೀ ಒಳಗೊಳಗೇ ಹೆದರಿದಳು. ಶರತ್ಕಾಲ ಬಂತು. ಒಂದು ಬೆಳಗ್ಗೆ ಎದ್ದು ನೋಡುತ್ತಾಳೆ, ಹಿತ್ತಿಲಿಲ್ಲ, ದಾರಿಯಿಲ್ಲ, ಹಿಪ್ಪುನೇರಳೆಯ ಬೇಲಿಯಿಲ್ಲ. ಕಂದು ನೀರು ಕಲ್ಲುಕಟ್ಟೆಯ ಅಂಚಿಗೆ ಬಂದು ನಾಯಿಯ ಹಾಗೆ ನೆಕ್ಕುತ್ತಿದೆ. ಅತ್ತೆ ಜಗಲಿಯ ತುದಿಯಲ್ಲಿ ಕೂತು, "ಬಂದ ನೋಡು ನಿನ್ನ ಮೈದುನ. ಕಾಲು ತೊಳ್ಕೊಂಡು ಬರೋ ಅಭ್ಯಾಸ ಮಾತ್ರ ಇಲ್ಲ," ಎಂದಳು.

ಯೊಶಿನೊ ನದಿಗೆ ಆ ಸೀಮೆಯವರು ಕರೆಯುವ ಹೆಸರು ಸಬುರೊ, ಅಂದರೆ ಮೂರನೆಯ ಮಗ. ದೇಶದ ಮೂರು ಪುಂಡ ನದಿಗಳಲ್ಲಿ ಹಿರಿಯ ತಾರೊ ಪೂರ್ವದ ಬಯಲಲ್ಲಿದ್ದಾನೆ, ನಡುವಿನ ಜಿರೊ ಪಶ್ಚಿಮದಲ್ಲಿ, ಕಿರಿಯವನು ಇಲ್ಲಿ. ಕಿರಿಯ ಮಗನಲ್ಲಿ ಇರಬೇಕಾದ ಗುಣವೆಲ್ಲ ಅವನಲ್ಲಿತ್ತು. ಮುದ್ದಿನವನು, ಹೇಳಿದ ಮಾತು ಕೇಳದವನು, ಹಾಳು ಮಾಡಿದ್ದಕ್ಕಿಂತ ಹೆಚ್ಚು ತಂದು ಸುರಿಯುವವನು. ನೀರು ಇಳಿದ ಮೇಲೆ ಹೊಲದಲ್ಲಿ ಕಪ್ಪು ಬೆಣ್ಣೆಯಂಥ ಮೆಕ್ಕಲು ಉಳಿಯುತ್ತಿತ್ತು. ಅದರಲ್ಲಿ ನೀಲಿ ಗಿಡ ಎದೆಯುದ್ದ ಬೆಳೆಯುತ್ತಿತ್ತು. ಅವನು ಬರುವ ಮೊದಲೇ ಅದನ್ನು ಕೊಯ್ದು ಎಲೆ ಒಣಗಿಸಿ ಒಳಗಿಟ್ಟರೆ ಆಯಿತು. ದೇಶದ ಅರ್ಧ ಜನರ ಬಟ್ಟೆಗೆ ನೀಲಿ ಬಣ್ಣ ಹೋಗುತ್ತಿದ್ದುದು ಈ ಕಣಿವೆಯಿಂದಲೇ ಎಂದು ಇಸೊಳ ಗಂಡ ಕನ್ಸುಕೆ ಹೆಮ್ಮೆಯಿಂದ ಹೇಳುತ್ತಿದ್ದ.

ನೀಲಿಯ ಕಾಲ ಮುಗಿಯುತ್ತ ಬಂತು. ಹಡಗಿನಲ್ಲಿ ಬಂದ ಪರದೇಶದ ಬಣ್ಣದ ಪುಡಿ ಆ ವ್ಯಾಪಾರವನ್ನು ನುಂಗಿತು. ಕನ್ಸುಕೆ ಎದೆನೋವಿನಿಂದ ಹೋದ. ಹಿಂದಿನ ಚಕ್ರವರ್ತಿಯೂ ಹೋಗಿ ಹೊಸ ಚಕ್ರವರ್ತಿಯ ಆಳ್ವಿಕೆ ಬಂದಿತ್ತು. ಇಸೊಗೆ ಅರವತ್ತು ಹತ್ತಿರವಾಗಿತ್ತು. ಮಗ ಕುಮಾಜೊ ರೇಷ್ಮೆ ಹುಳು ಸಾಕುತ್ತಿದ್ದ, ಸೊಸೆ ಟೊಮಿ ಒಳ್ಳೆಯವಳು. ಮೈದುನ ಮಾತ್ರ ಹಾಗೇ ಇದ್ದ. ಮತ್ತೆ ಬೇಲಿಯಾಚೆ ಯೊನೆ ಇದ್ದಳು.

ಯೊನೆ ಅಂಬಿಗ ಗೆಂಪಾಚಿಯ ಹೆಂಡತಿ, ಉತ್ತರ ದಡದಿಂದ ಮದುವೆಯಾಗಿ ಬಂದವಳು. ಇಸೊಗೂ ಯೊನೆಗೂ ಹೊಸದಾಗಿ ಮಕ್ಕಳಾಗಿದ್ದ ಕಾಲದಲ್ಲಿ ಒಂದು ದೊಡ್ಡ ಪ್ರವಾಹ ಬಂದಿತ್ತು. ಅದು ಇಸೊಳ ಹೊಲದ ಮೇಲ್ಮಣ್ಣನ್ನೆಲ್ಲ ಬಾಚಿಕೊಂಡು ಹೋಗಿ ಯೊನೆಯ ಹೊಲದಲ್ಲಿ ನೀಟಾಗಿ ಹಾಸಿಬಿಟ್ಟಿತು. ಇಸೊಗೆ ಉಳಿದಿದ್ದು ಮರಳು ಮತ್ತು ಉರುಟು ಕಲ್ಲು. ಆಗ ಶುರುವಾದ ಜಗಳ ಇನ್ನೂ ಮುಗಿದಿರಲಿಲ್ಲ.

"ನನ್ನ ಮಣ್ಣು ಕಣೆ ಅದು!"

"ಕಾಲಿದ್ದ ಮಣ್ಣು ಅಕ್ಕ, ನಡ್ಕೊಂಡು ಬಂತು. ನಾನೇನು ಕರೆದಿದ್ನಾ? ನಿನ್ನ ಹತ್ರ ಇರೋಕೆ ಅದಕ್ಕೂ ಬೇಜಾರಾಗಿರಬೇಕು."

ಆದರೂ ಪ್ರತಿ ಚಳಿಗಾಲ ಯೊನೆ ತನ್ನ ಹೊಲದ ಅತಿ ದಪ್ಪ ಮೂಲಂಗಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದು ಇಸೊಳ ಜಗಲಿಯ ಮೇಲೆ ಮಲಗಿಸುತ್ತಿದ್ದಳು. "ತಗೋ, ನಿನ್ನ ಮೊಮ್ಮಗ." ಇಸೊ ಅದನ್ನು ತಿರುಗಿಸಿ ನೋಡಿ, "ಸೀಳು ಬಿಟ್ಟಿದೆ. ಸಾಕೋಕೆ ಬರಲ್ಲ ನಿಂಗೆ," ಎಂದು ಒಳಗೆ ಇಟ್ಟುಕೊಂಡು, ಬದಲಿಗೆ ಉಪ್ಪಿನಲ್ಲಿ ಹಾಕಿದ ಹುಳಿ ಪ್ಲಮ್ ಒಂದು ಬೋಗುಣಿ ಕೊಡುತ್ತಿದ್ದಳು.

ಆ ವಸಂತದಲ್ಲಿ ನಿಶಿಗಾಕಿ ಎಂಬ ಇಂಜಿನಿಯರು ಬಂದ. ತೆಳ್ಳಗೆ, ಕನ್ನಡಕ ಹಾಕಿದ, ದೋಣಿಯಿಂದ ಇಳಿಯುವಾಗ ಟೋಪಿ ನೀರಿಗೆ ಬೀಳಿಸಿಕೊಂಡ ಮನುಷ್ಯ. ದೇವಸ್ಥಾನದ ಅಂಗಳದಲ್ಲಿ ಎಲ್ಲರನ್ನೂ ಕೂರಿಸಿ ನಕ್ಷೆ ಬಿಚ್ಚಿದ. ನದಿಯ ಎರಡೂ ಪಕ್ಕ ಉದ್ದಕ್ಕೆ ದೊಡ್ಡ ಏರಿ ಕಟ್ಟುತ್ತಾರೆ. ಏರಿಗಳ ನಡುವೆ ನೀರಿಗೆ ಹರಿಯಲು ಜಾಗ ಬೇಕು. ನಡುಗಡ್ಡೆ ಆ ಜಾಗದಲ್ಲಿದೆ. ಅಲ್ಲಿ ಇನ್ನು ಮೇಲೆ ಯಾರೂ ವಾಸವಿರುವಂತಿಲ್ಲ.

ಎಲ್ಲರೂ ನಕ್ಷೆಯ ಮೇಲೆ ಬಗ್ಗಿದರು. ವಿಷಯ ಹಲವು ವರ್ಷಗಳಿಂದ ಗಾಳಿಯಲ್ಲಿತ್ತು, ಆದರೆ ನಕ್ಷೆಯ ಮೇಲೆ ನೋಡುವುದೇ ಬೇರೆ. ತಮ್ಮ ಊರಿದ್ದ ಕಡೆ ಬರೀ ಬಿಳಿ ಕಾಗದ.

ಇಸೊ ಎದ್ದು ನಿಂತು ನಕ್ಷೆಯ ಮೇಲಿನ ನದಿಯತ್ತ ಬೆರಳು ಮಾಡಿದಳು. "ಇವನನ್ನ ಹೀಗೆ ನೆಟ್ಟಗೆ ಗೆರೆ ಎಳೆದು ಬರೆದಿದೀರಲ್ಲ, ಇವನು ಕೇಳ್ತಾನಾ? ಯಾರ ಮಾತೂ ಕೇಳಿದವನಲ್ಲ ಇವನು."

"ಕೇಳದೆ ಇರಬಹುದು, ಅಜ್ಜಿ," ಎಂದ ನಿಶಿಗಾಕಿ. "ಆದರೆ ಒಂದು ಸಲ ಕೇಳಿದ್ದ. ನಿಮಗೆ ಗೊತ್ತಿರುತ್ತೆ, ಕೆಳಗಡೆ ಹಳೇ ಯೊಶಿನೊ ಅಂತ ಒಂದು ಸಣ್ಣ ಹೊಳೆ ಇದೆಯಲ್ಲ? ಇವನು ಮುಂಚೆ ಇದ್ದ ಮನೆ ಅದು. ಆ ಕಾಲದ ದೊರೆ ಕೋಟೆ ಕಂದಕಕ್ಕೆ ನೀರು ಬೇಕು ಅಂತ ಒಂದು ಪುಟ್ಟ ಕಾಲುವೆ ತೋಡಿಸಿದ. ಅಷ್ಟೇ. ಇವನಿಗೆ ಆ ಕಾಲುವೆ ಇಷ್ಟ ಆಗಿಹೋಯ್ತು. ಗಂಟುಮೂಟೆ ಕಟ್ಟಿಕೊಂಡು ಪೂರ್ತಿ ಅಲ್ಲಿಗೇ ಬಂದುಬಿಟ್ಟ. ಈಗ ಅದೇ ದೊಡ್ಡ ನದಿ, ಹಳೇ ಮನೆ ಬರೀ ಹಳ್ಳ."

"ಇವನೂ ಮನೆ ಬಿಟ್ಟವನಾ?"

"ಬಿಟ್ಟವನೇ. ಹಳೇ ಹೊಳೆ ದಡದವರು ನೀರಿಲ್ಲ ಅಂತ ಗೋಳಾಡಿ, ಕಲ್ಲಿನ ಒಡ್ಡು ಹಾಕಿ ಒಂದಿಷ್ಟು ನೀರು ಹಿಂದಕ್ಕೆ ತಿರುಗಿಸಿಕೊಂಡರು. ನಾನು ಹುಟ್ಟಿದ್ದು ಆ ಒಡ್ಡಿನ ಕೆಳಗಿನ ಊರಲ್ಲಿ. ನನ್ನ ತಂಗಿ ಪ್ರವಾಹದಲ್ಲಿ ಹೋದಳು." ಅವನು ನಕ್ಷೆ ಸುತ್ತತೊಡಗಿದ. "ಏರಿ ಕಟ್ಟಿದರೆ ಎರಡೂ ದಡದ ಮಕ್ಕಳು ಉಳಿತಾರೆ. ನಿಮ್ಮನ್ನ ಎಬ್ಬಿಸೋಕೆ ನನಗೆ ಸಂತೋಷ ಅಂದ್ಕೋಬೇಡಿ."

ಇಸೊ ಕೂತಳು. ಹೊರಡುವಾಗ ಅವನ ಒದ್ದೆ ಟೋಪಿಯನ್ನು ಇಸಿದುಕೊಂಡು ಒಲೆಯ ಮೇಲೆ ಹಿಡಿದು ಒಣಗಿಸಿ ಕೊಟ್ಟಳು.

ಜನ ಬೇರೆ ಬೇರೆ ದಿಕ್ಕಿಗೆ ಹೊರಟರು. ಕೆಲವರು ಉತ್ತರದ ಹಿಮದ ಸೀಮೆ ಹೊಕ್ಕಾಯಿಡೊಗೆ ಹೋದರು. ಕುಮಾಜೊ ದಕ್ಷಿಣ ದಡದ ಗುಡ್ಡದ ಬುಡದಲ್ಲಿ ಜಾಗ ನೋಡಿದ, ರೇಷ್ಮೆಯ ಕಾರ್ಖಾನೆ ಹತ್ತಿರ ಎಂದು. ಯೊನೆ ಮಾತ್ರ ಊರೆಲ್ಲ ಸಾರಿಕೊಂಡು ಬಂದಳು. "ನಾನು ತವರಿಗೆ ಹೋಗ್ತೀನಪ್ಪ. ಉತ್ತರದ ದಡ. ಅಲ್ಲಿ ಕಬ್ಬು ಬೆಳೀತಾರೆ, ಬಿಳೀ ಸಕ್ಕರೆ ಮಾಡ್ತಾರೆ, ಬಾಯಿಗಿಟ್ರೆ ಹಿಮದ ಹಾಗೆ ಕರಗುತ್ತೆ."

ಇಸೊಳ ಮುಂದೆ ಇದನ್ನು ಹೇಳಿದಾಗ ಇಸೊ, "ಒಳ್ಳೇದಾಯ್ತು ಬಿಡು, ಹಲ್ಲು ಬೇಗ ಉದುರುತ್ತೆ," ಎಂದಳು. ಅವತ್ತಿನಿಂದ ಇಬ್ಬರ ನಡುವೆ ಜಗಳವೂ ನಿಂತುಹೋಯಿತು. ಜಗಳ ನಿಂತದ್ದನ್ನು ಕಂಡು ಟೊಮಿಗೆ ಗಾಬರಿಯಾಯಿತು.

"ಅತ್ತೆ, ಯೊನೆ ಚಿಕ್ಕಮ್ಮ ಈಚೆಗೆ ಬರ್ತಾನೇ ಇಲ್ವಲ್ಲ?"

"ಸಕ್ಕರೆ ತಿನ್ನೋಕೆ ಹೊರಟವಳು. ನಮ್ಮನೆ ಹುಳಿ ಅವಳಿಗೆ ಯಾಕೆ ಬೇಕು?"

ಬೇಸಿಗೆಯಲ್ಲಿ ಇಸೊ ಹೊಸ ಜಾಗವನ್ನು ನೋಡಲು ಹೋದಳು. ಕುಮಾಜೊ ಉತ್ಸಾಹದಿಂದ ಅಡಿಗೆಮನೆ ಇಲ್ಲಿ, ಹುಳುವಿನ ಮನೆ ಅಲ್ಲಿ ಎಂದು ಕೋಲು ನೆಟ್ಟು ತೋರಿಸಿದ. ಇಸೊ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಕೆಂಪಗೆ, ಗಟ್ಟಿಯಾಗಿ, ಕಲ್ಲುಪುಡಿ ಬೆರೆತ ಮಣ್ಣು. ಹಿಸುಕಿದರೆ ಉಗುರು ನೊಂದಿತು.

"ಗೊಬ್ಬರ ಹಾಕಿದ್ರೆ ಸರಿಹೋಗುತ್ತಮ್ಮ."

"ನಿನ್ನ ಮೊಮ್ಮಕ್ಕಳ ಕಾಲಕ್ಕೆ," ಎಂದಳು ಇಸೊ. ಮರಳುವಾಗ ಆ ಹಿಡಿ ಮಣ್ಣನ್ನು ಕೈಯಲ್ಲೇ ಹಿಡಿದುಕೊಂಡು ಬಂದಳು. ದೋಣಿ ನಡುಗಡ್ಡೆಗೆ ತಾಗಿದಾಗ ಮಗನಿಗೆ ಒಂದೇ ಮಾತು ಹೇಳಿದಳು. "ಸೂರಿನ ದೋಣಿ ಇಳಿಸು. ನಾನು ಇಲ್ಲಿನ ಮಣ್ಣು ಅಲ್ಲಿಗೆ ಸಾಗಿಸ್ತೀನಿ."

ಕುಮಾಜೊ ನಕ್ಕ, ಬೇಡವೆಂದ, ಬೈದ, ಕೊನೆಗೆ ದೋಣಿ ಇಳಿಸಿಕೊಟ್ಟು ತನ್ನ ಕೆಲಸಕ್ಕೆ ಹೋದ. ಮಾರನೆಯ ಬೆಳಗ್ಗೆ ಇಸೊ ಬುಟ್ಟಿ ಹಿಡಿದು ಹೊಲಕ್ಕೆ ಇಳಿದಳು. ಆದರೆ ತನ್ನ ಹೊಲದಲ್ಲಿ ಇರುವುದು ಹೆಚ್ಚು ಪಾಲು ಮರಳು. ಒಳ್ಳೆಯ ಮಣ್ಣಿರುವುದು ಬೇಲಿಯಾಚೆ. ಅವಳು ಬೇಲಿಯ ಪಕ್ಕ ನಿಂತು ನಿಂತು ಸಾಕಾಗಿ ಕೆಮ್ಮಿದಳು.

ಯೊನೆ ಹೊರಗೆ ಬಂದಳು. ಬುಟ್ಟಿಯನ್ನೂ ದೋಣಿಯನ್ನೂ ನೋಡಿದಳು.

"ಓ, ಮಣ್ಣು ವಾಪಸ್ ತಗೊಂಡು ಹೋಗೋಕೆ ಬಂದ್ಯಾ?"

"ಕೊಡೋದಾದ್ರೆ ಕೊಡು. ಇಲ್ಲಾಂದ್ರೆ ಇಲ್ಲ ಅನ್ನು."

"ಇಷ್ಟು ವರ್ಷ ತಿನ್ನಿಸಿ ಸಾಕಿದೀನಿ ಅದನ್ನ," ಎಂದು ಯೊನೆ ಒಳಗೆ ಹೋದಳು. ಆಯಿತು, ಮುಖಕ್ಕೆ ಹೊಡೆದ ಹಾಗೆ ಹೋದಳು ಎಂದು ಇಸೊ ಅಂದುಕೊಳ್ಳುವಷ್ಟರಲ್ಲಿ ಸನಿಕೆ ಹಿಡಿದು, ತಲೆಗೆ ಬಟ್ಟೆ ಬಿಗಿದು ಹೊರಗೆ ಬಂದಳು. "ನಿನ್ನ ಸೊಂಟದಲ್ಲಿ ಎಷ್ಟು ಅಗೀತೀಯ? ಸರಿ ಆಚೆ."

ಇಬ್ಬರೂ ಅಗೆದು ತುಂಬಿದರು. ದೋಣಿಯ ಅಂಚು ನೀರಿನಿಂದ ಅಂಗೈಯಗಲವಷ್ಟೇ ಮೇಲೆ ಉಳಿಯುವವರೆಗೂ ತುಂಬಿದರು. ಒಬ್ಬಳೇ ಬಿದಿರ ಜಲ್ಲೆ ಊರಿ ದೋಣಿ ತಳ್ಳಲು ಆಗದೆಂದು ಯೊನೆಯೂ ಹತ್ತಿದಳು. ಆಕಾಶ ತೊಳೆದಿಟ್ಟ ಹಾಗೆ ನೀಲಿಯಾಗಿತ್ತು, ಒಂದು ಎಳೆ ಮೋಡವಿರಲಿಲ್ಲ.

ದೋಣಿ ದಕ್ಷಿಣದ ಕವಲಿನ ನಡುವೆ ತಲುಪಿದಾಗ ಯೊನೆ, "ಅಂತೂ ಹೊರಟುಬಿಟ್ಟೆ ನೀನು. ಎಷ್ಟು ಸಂಭ್ರಮ ನೋಡು, ಮಣ್ಣು ಸಮೇತ," ಎಂದಳು.

"ಸಂಭ್ರಮ ನಂಗಾ? ಸಕ್ಕರೆ ಸಕ್ಕರೆ ಅಂತ ಡಂಗುರ ಹೊಡೆದವಳು ಯಾರು?"

"ನೀನು ಒಳ್ಳೇದಾಯ್ತು ಅಂದೆ!"

"ಇನ್ನೇನು ಅನ್ನಬೇಕಿತ್ತು? ಕಾಲು ಹಿಡ್ಕೋಬೇಕಿತ್ತಾ?"

ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಿದ್ದರು. ಆದ್ದರಿಂದ ನೀರನ್ನು ಯಾರೂ ನೋಡಲಿಲ್ಲ. ದೇವದಾರು ಮರದ ತೊಗಟೆಯ ಚೂರು ಒಂದೊಂದಾಗಿ ತೇಲಿ ಬಂದವು, ಆಮೇಲೆ ನೊರೆ, ಆಮೇಲೆ ಬೇರು ಸಮೇತ ಒಂದು ಪೊದೆ. ನೀರು ಸೋಯಾ ಸಾರಿನ ಬಣ್ಣಕ್ಕೆ ತಿರುಗಿತ್ತು. ಜಲ್ಲೆ ತಳಕ್ಕೆ ತಾಗದೆ ಹೋದಾಗ ಇಸೊ ಬೆಚ್ಚಿ ಬಿದ್ದಳು.

"ಯೊನೆ! ಪೆದ್ದ ನೀರು!"

ಬೆಟ್ಟದಾಚೆ ತೋಸ ಸೀಮೆಯಲ್ಲಿ ಮಳೆ ಸುರಿದು, ಇಲ್ಲಿ ಬಿಸಿಲಿದ್ದಾಗಲೇ ನದಿ ಏರಿ ಬರುವುದಕ್ಕೆ ಕಣಿವೆಯವರು ಇಟ್ಟ ಹೆಸರು ಅದು. ಆಕಾಶ ನೋಡಿ ನಂಬಿದವರು ಪೆದ್ದರಾಗುತ್ತಾರೆ. ಎರಡು ತಲೆಮಾರು ನದಿಯ ಜೊತೆ ಬದುಕಿದ ಇಬ್ಬರು ಹೆಂಗಸರು ಈಗ ನಡುನೀರಿನಲ್ಲಿ ಪೆದ್ದರಾಗಿದ್ದರು.

ದೋಣಿ ಪೂರ್ವಕ್ಕೆ ಜಾರತೊಡಗಿತು. ಒಂದು ಅಲೆ ಅಂಚು ದಾಟಿ ಒಳಗೆ ಬಂತು, ಇನ್ನೊಂದು ಬಂತು.

"ಮಣ್ಣು ಎಸಿ!" ಎಂದು ಇಸೊ ಕೂಗಿದಳು.

"ನಿನ್ನ ಮಣ್ಣು ಅಕ್ಕ!"

"ಎಸಿ ಅಂದ್ನಲ್ಲ, ಸಾಯ್ತೀಯೇನೆ!"

ಬುಟ್ಟಿಯಲ್ಲಿ, ಸನಿಕೆಯಲ್ಲಿ, ಕೊನೆಗೆ ಬರಿಗೈಯಲ್ಲಿ ಬಾಚಿ ಬಾಚಿ ಎಸೆದರು. ಕಪ್ಪು ಮಣ್ಣು ಕಂದು ನೀರಿನಲ್ಲಿ ಒಂದು ಕ್ಷಣ ಮೋಡದಂತೆ ಹರಡಿ ಮಾಯವಾಯಿತು. ದೋಣಿ ಹಗುರಾಗಿ ಮೇಲೆದ್ದಿತು, ಆದರೆ ನಿಲ್ಲಲಿಲ್ಲ. ನಡುಗಡ್ಡೆಯ ಕೆಳ ತುದಿಯಲ್ಲಿ ಎತ್ತರದಲ್ಲಿ, ದಾರಿಹೋಕರನ್ನು ಕಾಯುವ ಜಿಜೊ ದೇವರಿದ್ದ. ಪ್ರವಾಹದಲ್ಲಿ ಮುಳುಗಬಾರದೆಂದು ಹಿರಿಯರು ಮನೆಯೆತ್ತರದ ಕಲ್ಲಿನ ಪೀಠ ಕಟ್ಟಿ ಮೇಲೆ ಕೂರಿಸಿದ್ದ ಪುಟ್ಟ ಕಲ್ಲು ವಿಗ್ರಹ. ಆ ತುದಿಯ ತಗ್ಗು ನೆಲದ ಮೇಲೆಲ್ಲ ಆಗಲೇ ನೀರು ಹತ್ತಿತ್ತು. ದೋಣಿ ಪೀಠದ ಪಕ್ಕದಲ್ಲೇ ಹಾಯುವಾಗ ಯೊನೆ ಎರಡು ಕೈಯಲ್ಲೂ ಕಲ್ಲನ್ನು ತಬ್ಬಿ ಹಿಡಿದಳು. ಇಸೊ ಹಗ್ಗವನ್ನು ಸುತ್ತಿ, ಅಂಬಿಗನ ಹೆಂಡತಿಯೂ ಮೆಚ್ಚುವ ಗಂಟು ಹಾಕಿದಳು.

ಆಮೇಲೆ ಇಬ್ಬರೂ ದೋಣಿಯ ತಳದಲ್ಲಿ ಕುಸಿದು ಕೂತರು. ಮೈಯೆಲ್ಲ ಕೆಸರು. ಮೇಲೆ ಸೂರ್ಯ ಏನೂ ಆಗಿಲ್ಲವೆಂಬಂತೆ ಹೊಳೆಯುತ್ತಿದ್ದ.

"ಸ್ವಾಮಿ ತಲೆ ಮೇಲೆ ಕೂತಿದಾನೆ," ಎಂದಳು ಯೊನೆ ಏದುಸಿರಿನಲ್ಲಿ. "ನಾನು ಅವನ ಕಾಲು ಹಿಡ್ಕೊಂಡು ಎಷ್ಟೋ ವರ್ಷ ಆಗಿತ್ತು. ಅದಕ್ಕೇ ಎಳೆದುಕೊಂಡ."

ಇಸೊಗೆ ನಗು ಬಂತು. ನಗು ಅಳುವಿಗೆ ತಿರುಗಿತು. ಗಂಡ ಹೋದಾಗಲೂ ಜನರೆದುರು ಅಳದ ಹೆಂಗಸು ಅವಳು. ಯೊನೆ ಹತ್ತಿರ ಸರಿದು, ಕೆಸರು ಕೈಯಿಂದಲೇ ಅವಳ ಬೆನ್ನು ಸವರಿದಳು.

"ಮಣ್ಣಿಗಾ ಅಳು?"

"ಮಣ್ಣಿಗೆ ಯಾರು ಅಳ್ತಾರೆ," ಎಂದಳು ಇಸೊ. "ಆ ಕೆಂಪು ಗುಡ್ಡದ ಮೇಲೆ ನಾನು ಯಾರ ಹತ್ರ ಜಗಳ ಆಡಲಿ? ಟೊಮಿ ಒಳ್ಳೆಯವಳು. ಏನಂದ್ರೂ ಹ್ಞೂಂ ಅಂತಾಳೆ."

ಯೊನೆ ಕೈಯ ಕೆಸರನ್ನು ದೋಣಿಯ ಅಂಚಿಗೆ ಒರೆಸಿದಳು. ಆಮೇಲೆ ಹೇಳಿದಳು. "ನನ್ನ ಅಣ್ಣ ಸತ್ತು ಎರಡು ವರ್ಷ ಆಯ್ತು. ಅತ್ತಿಗೆ ಗೊತ್ತಲ್ಲ? ಬಾರ್ಲಿ ಅನ್ನ ಬಡಿಸೋವಾಗ ಸೌಟಿನ ಬೆನ್ನಲ್ಲಿ ಬಡಿಸ್ತಾಳೆ. ಅಲ್ಲಿ ಸಕ್ಕರೆ ನನ್ನ ಬಾಯಿಗೆ ಬೀಳುತ್ತಾ? ನಮ್ಮನೆಯವರಿಗಂತೂ ದಕ್ಷಿಣದ ದೋಣಿಕಡವೇ ಬೇಕು. ಯಾತ್ರಿಕರು ಈ ದಡದ ದೇವಸ್ಥಾನದಿಂದ ಆ ದಡದ ದೇವಸ್ಥಾನಕ್ಕೆ ದಾಟಲೇಬೇಕಲ್ಲ, ನಡುಗಡ್ಡೆ ಖಾಲಿಯಾದ್ರೂ ದೋಣಿ ಬೇಕೇ ಬೇಕು. ನಾನೇ ಬೇಡ ಅಂದೆ."

"ಯಾಕೆ ಬೇಡ ಅಂದೆ?"

"ನೀನು ಕರೀಲಿಲ್ಲ."

"ಹುಚ್ಚಿ!" ಎಂದು ಇಸೊ ಗದರಿದಳು. "ನಿನ್ನನ್ನ ಕರೀಬೇಕಾ? ಆ ಮಣ್ಣು ಕರೆಸಿಕೊಂಡು ಬಂದಿತ್ತಾ?"

ಯೊನೆ ಅವಳ ತೋಳಿಗೆ ಒಂದು ಏಟು ಕೊಟ್ಟಳು. ಅಷ್ಟು ವರ್ಷಗಳ ಜಗಳದಲ್ಲಿ ತಾನು ಗೆದ್ದದ್ದು ಅದೇ ಮೊದಲು ಎಂದು ಇಸೊ ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ಬಿಸಿಲು ಇಳಿಯುವ ಹೊತ್ತಿಗೆ ಗೆಂಪಾಚಿಯ ದೊಡ್ಡ ದೋಣಿ ಕಾಣಿಸಿತು. ಅದರಲ್ಲಿ ಬಿಳಿ ಬಟ್ಟೆಯ ಇಬ್ಬರು ಯಾತ್ರಿಕರು, ಮುಖವೂ ಬಟ್ಟೆಯಷ್ಟೇ ಬಿಳಿಯಾಗಿ, ಗಂಟೆ ಅಲ್ಲಾಡಿಸುತ್ತ ಮಂತ್ರ ಹೇಳುತ್ತಿದ್ದರು. ಗೆಂಪಾಚಿ ಜಲ್ಲೆ ಊರಿ ಪೀಠದ ಮರೆಗೆ ತಂದು ನಿಲ್ಲಿಸಿ, ಕೆಸರು ಮೆತ್ತಿದ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದ.

"ಇದರಲ್ಲಿ ನನ್ನ ಹೆಂಡತಿ ಯಾವುದು?"

"ಬಾಯಿ ಮುಚ್ಕೊಂಡು ಕೈ ಕೊಡ್ರೀ," ಎಂದಳು ಯೊನೆ.

"ಇದೇ ಇರಬೇಕು," ಎಂದು ಅವನು ಎತ್ತಿಕೊಂಡ. ಇಸೊಳನ್ನು ಎತ್ತುವಾಗ, "ಮಣ್ಣು ಎಲ್ಲಿ ಹೋಯ್ತಮ್ಮ?" ಎಂದು ಕೇಳಿದ.

"ನನ್ನ ಮೈದುನ ತಗೊಂಡು ಹೋದ. ಕಡಲ ಹತ್ರ ಯಾವಳೋ ಒಬ್ಬಳು ಮೂಲಂಗಿ ಬೆಳೀತಾಳೆ ಬಿಡಿ. ಅದಿರಲಿ, ದಕ್ಷಿಣದ ದಡದಲ್ಲಿ ನಮ್ಮ ಪಕ್ಕದ ಜಾಗ ಖಾಲಿ ಇದೆ. ನಾಳೆ ನನ್ನ ಮಗನ ಜೊತೆ ಹೋಗಿ ನೋಡ್ಕೊಂಡು ಬನ್ನಿ."

ಗೆಂಪಾಚಿ ಹೆಂಡತಿಯ ಮುಖ ನೋಡಿದ. ಯೊನೆ ನದಿ ನೋಡುತ್ತಿದ್ದಳು. "ನಾನು ಇದನ್ನೇ ವಸಂತದಿಂದ ಬಡ್ಕೊಂತಿದ್ದೆ," ಎಂದು ಯಾತ್ರಿಕರ ಕಡೆ ತಿರುಗಿ ಹೇಳಿದ. ಅವರು ಮಂತ್ರ ನಿಲ್ಲಿಸದೆ ತಲೆಯಾಡಿಸಿದರು.

ಆ ಶರತ್ಕಾಲದಲ್ಲಿ ಮನೆಗಳನ್ನು ಬಿಚ್ಚಿದರು. ತೊಲೆ, ಕಂಬ, ಬಾಗಿಲು, ಒಲೆಯ ಕಲ್ಲು ಎಲ್ಲ ದೋಣಿಯ ಮೇಲೆ ದಾಟಿದವು. ಜಿಜೊ ದೇವರನ್ನೂ ಪೀಠದಿಂದ ಇಳಿಸಿ ದಕ್ಷಿಣ ದಡದ ಒಂದು ಗುಡಿಗೆ ತಂದರು. ನೀರಿನ ಭಯವಿಲ್ಲದ ಜಾಗದಲ್ಲಿ, ಮಕ್ಕಳ ಕೈಗೆ ಸಿಗುವಷ್ಟು ಕೆಳಗೆ ಕೂತ ಅವನನ್ನು ನೋಡಿ ಇಸೊಗೆ ಮೊದಲು ಸಂಕೋಚವಾಯಿತು, ಆಮೇಲೆ ಅಭ್ಯಾಸವಾಯಿತು. ಕೆಂಪು ಮಣ್ಣಿನಲ್ಲಿ ಮೊದಲ ವರ್ಷ ಬೆಳೆದ ಮೂಲಂಗಿ ಬೆರಳ ಗಾತ್ರ. ಅದು ಯಾರ ತಪ್ಪು ಎಂಬ ಬಗ್ಗೆ ಎರಡು ಮನೆಗಳ ನಡುವೆ ಹೊಸ ಜಗಳ ಶುರುವಾಯಿತು. ಟೊಮಿಗೆ ನೆಮ್ಮದಿಯಾಯಿತು.

ಏರಿಯ ಕೆಲಸ ವರ್ಷಗಟ್ಟಲೆ ನಡೆಯಿತು. ಹಬೆಯ ಯಂತ್ರ ಹಗಲೆಲ್ಲ ಉಬ್ಬಸದವರ ಹಾಗೆ ಉಸಿರಾಡುತ್ತ ನದಿಯ ತಳ ಬಗೆಯಿತು. ಅವರ ಮನೆಯ ಮುಂದಿನ ಏರಿಯ ಭಾಗ ಮುಗಿದು ಹುಲ್ಲು ಹಿಡಿದ ಮೇಲೆ, ಒಂದು ವಸಂತದ ಬೆಳಗ್ಗೆ ಯೊನೆ ಬಂದು ಇಸೊಳನ್ನು ಎಬ್ಬಿಸಿದಳು. "ಬಾ, ಹತ್ತಿ ನೋಡೋಣ."

ಇಬ್ಬರೂ ಕೈ ಹಿಡಿದುಕೊಂಡು, ನಿಂತು ನಿಂತು ಹತ್ತಿದರು. ಮೇಲೆ ತಲುಪಿದಾಗ ಇಸೊ ಯೊನೆಯ ಕೈ ಬಿಟ್ಟು ಏರಿಯ ಅಂಚಿಗೆ ಹೋದಳು. ಅವಳು ಆ ನದಿಯಲ್ಲಿ ಬದುಕಿದ್ದಳು, ಆದರೆ ಅದನ್ನು ಎಂದೂ ಹೀಗೆ ಮೇಲಿನಿಂದ ನೋಡಿರಲಿಲ್ಲ. ಬಿದಿರು ಮೆಳೆ, ಬೇಲಿ, ಸೂರು, ಒಂದಲ್ಲ ಒಂದು ಅಡ್ಡ ಇರುತ್ತಿತ್ತು. ಈಗ ಪಶ್ಚಿಮದಲ್ಲಿ ಬೆಟ್ಟಗಳು ಹತ್ತಿರ ಹತ್ತಿರ ಬಂದು ಬಾಗಿಲು ಮುಚ್ಚುವಂತಿದ್ದ ಜಾಗದಿಂದ ಅವನು ಹೊರಗೆ ಬರುವುದು ಕಾಣುತ್ತಿತ್ತು. ಉತ್ತರದ ಬೆಟ್ಟಸಾಲು ಒಂದು ಕಡೆ, ದಕ್ಷಿಣದ್ದು ಇನ್ನೊಂದು ಕಡೆ. ನಡುವೆ ಅವನು ಅವಸರವಿಲ್ಲದೆ, ಎರಡು ತೋಳು ಬಿಡಿಸಿ, ಖಾಲಿ ನಡುಗಡ್ಡೆಯನ್ನು ಬಳಸಿ, ಪೂರ್ವದ ಕಡಲಿನ ಬೆಳಕಿನವರೆಗೂ ಹೋಗುತ್ತಿದ್ದ. ನಡುಗಡ್ಡೆಯ ಮೇಲೆಲ್ಲ ಸಾಸಿವೆ ಹೂ ತಾನಾಗಿ ಅರಳಿ ಹಳದಿ ಹಾಸಿತ್ತು.

"ಇಷ್ಟು ದೊಡ್ಡವನಾ ಇವನು!" ಎಂದಳು ಇಸೊ ಕೊನೆಗೆ.

"ಚೆನ್ನಾಗಿದಾನೆ, ಅಲ್ವಾ?"

"ಹ್ಞೂಂ. ಚೆನ್ನಾಗಿದಾನೆ."

ಯೊನೆ ಕಾಲು ನೋವೆಂದಳು, ಗಾಳಿ ತಣ್ಣಗಿದೆ ಎಂದಳು, ಮನೆಯಲ್ಲಿ ಒಲೆಯ ಮೇಲೆ ಗೆಣಸು ಇಟ್ಟು ಬಂದಿದ್ದೇನೆ ಎಂದಳು. ಇಸೊ ಕೇಳಿಸಿಕೊಳ್ಳದೆ ಹುಲ್ಲಿನ ಮೇಲೆ ಕೂತುಬಿಟ್ಟಳು. ಯೊನೆ ಗೊಣಗಿಕೊಂಡು, ಮೊಣಕಾಲು ಹಿಡಿದು, ಪಕ್ಕದಲ್ಲಿ ತಾನೂ ಕೂತಳು.